ಕುಂದ್ರಿಸಿ ಮಣ್ಣು ಕೊಡ್ರಿ

ಆಫ್ರಿಕೆಯ ಬದಿಯ ಜಂಜಿಬಾರ ದ್ವೀಪದ ಬಂದರಿನಲ್ಲಿ ನಾನು ಕೈಯಾಡಿಸದೆ ಒಂದು ಚೀಲವೂ ಹಡಗು ಹತ್ತುತ್ತಿರಲಿಲ್ಲ. ಹೀಗೆ ಬರೆದರೆ ನಾನೇನೋ ದೊಡ್ಡ ಅಧಿಕಾರಿಯಾಗಿದ್ದೆ ಎಂದು ಓದುವವರು ತಿಳಿದಾರು. ಹಾಗೇನಿಲ್ಲ. ಮುಂಬಯಿಯ ಒಬ್ಬ ಗುಜರಾತಿ ಸೇಠಜಿಯ ಲವಂಗದ ಗೋದಾಮಿನಲ್ಲಿ ನಾನು ಮಾಲು ಕಳಿಸುವ ಕಾರಕೂನ. ಪ್ರತಿ ಚೀಲದ ಹೊಟ್ಟೆಯ ಮೇಲೆ ಕರಿ ಬಣ್ಣದಲ್ಲಿ ಸೇಠಜಿಯ ಗುರುತು, ಹೋಗುವ ಊರು, ತೂಕ ಇಷ್ಟನ್ನು ಬರೆಯುವುದು ನನ್ನ ಕೆಲಸ. ಬರೆದಾದ ಮೇಲೆ ಆ ಚೀಲ ಮುಂಬಯಿಗೋ ಮಾರ್ಸೇಲ್ಸಿಗೋ ತಪ್ಪದೆ ಮುಟ್ಟುತ್ತಿತ್ತು. ಅದರ ಬಗ್ಗೆ ನನಗೆ ಬಹಳ ಸೊಕ್ಕಿತ್ತು. ಲೋಕದ ಯಾವ ಮೂಲೆಗೆ ಏನನ್ನಾದರೂ ಕಳಿಸಬಲ್ಲೆ ಎಂದುಕೊಂಡಿದ್ದೆ.

ಇಳಕಲ್ಲಿನವನು ಅಲ್ಲಿಗೆ ಹೇಗೆ ಹೋದೆ ಎಂದರೆ, ಅಕ್ಷರದ ದೆಸೆಯಿಂದ. ಈ ಇಪ್ಪತ್ತನೆಯ ಶತಮಾನ ಹುಟ್ಟಿ ಅದಕ್ಕೆ ಇನ್ನೂ ಹಲ್ಲು ಮೂಡಿರಲಿಲ್ಲ. ನಮ್ಮ ಅಪ್ಪ ನೇಕಾರರಿಂದ ಸೀರೆ ಕೊಂಡು ಮುಂಬಯಿಯ ಅಂಗಡಿಗಳಿಗೆ ಹಾಕುತ್ತಿದ್ದ. ನನ್ನನ್ನು ಬಾಗಲಕೋಟೆಯ ಸಾಲೆಗೆ ಹಾಕಿ ಇಂಗ್ಲಿಷು ಕಲಿಸಿದ. ಸೀರೆಯ ಗಂಟು ಹೊತ್ತು ಅವನ ಬೆನ್ನಿಗೆ ಮುಂಬಯಿಗೆ ಹೋದಾಗ ಸೇಠಜಿ ನಾನು ಗಂಟಿನ ಮೇಲೆ ಬರೆದ ವಿಳಾಸ ನೋಡಿ, ಈ ಹುಡುಗನನ್ನು ನನಗೆ ಕೊಡು ಎಂದ. ಅಪ್ಪ ಕೊಟ್ಟ. ಇಳಕಲ್ಲಿಗೆ ಮರಳಿ ಹಾಸಿಗೆ ಬುತ್ತಿ ಕಟ್ಟಿಕೊಂಡು, ಹುನಗುಂದ ದಾಟಿ ಚಕ್ಕಡಿಯಲ್ಲಿ ಬಾಗಲಕೋಟೆಗೆ ಬಂದು ರೈಲು ಹತ್ತಿದೆ. ಚಕ್ಕಡಿಯಲ್ಲಿ ಕೂತಾಗ ನನ್ನ ಅವ್ವ ಕೇಳಿದ್ದು ಒಂದೇ, ಅಲ್ಲಿ ಜೋಳ ಸಿಗುತ್ತದೋ ಇಲ್ಲವೋ ಎಂದು.

ಸಿಗುತ್ತಿತ್ತು. ಅಲ್ಲಿಯ ಕೂಲಿಗಳು ತಿನ್ನುವ ಕಾಳು ನಮ್ಮ ಜೋಳವೇ, ಸ್ವಲ್ಪ ಕೆಂಪು. ಆದರೆ ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಬರುತ್ತಿದ್ದುದು ನನ್ನ ಗೆಳೆಯನಿಗೆ. ಅವನು ಬಾದಾಮಿ ಹತ್ತಿರದ ಒಂದು ಹಳ್ಳಿಯವನು, ಬಾಗಲಕೋಟೆಯಲ್ಲಿ ಹತ್ತಿಯ ಅಂಡಿಗೆ ಬಿಗಿಯುವ ಕೆಲಸದಲ್ಲಿದ್ದ. ಸೇಠಜಿಯ ಹತ್ತಿ ಅಲ್ಲಿಂದ ಹೋಗುತ್ತಿತ್ತು, ಒಳ್ಳೆ ಆಳೆಂದು ಅವನನ್ನೂ ಹಡಗು ಹತ್ತಿಸಿದರು. ನನ್ನಷ್ಟೇ ವಯಸ್ಸು, ನನ್ನಂತೆಯೇ ಲಿಂಗ ಕಟ್ಟಿದವನು. ಸಂಜೆ ಗೋದಾಮಿನ ಹಿಂದೆ ಅವನು ರೊಟ್ಟಿ ಬಡಿಯತೊಡಗಿದರೆ ಬಂದರಿನ ಹಮಾಲರೆಲ್ಲ ಇಣುಕಿ ನೋಡುತ್ತಿದ್ದರು. ಗಂಡಸು ಹಿಟ್ಟಿಗೆ ಹೊಡೆಯುವುದನ್ನು ಅವರು ಕಂಡಿರಲಿಲ್ಲ.

ಮೂರನೆಯವನು ಹುನಗುಂದದ ಕಾಕಾ. ಚೀಲದ ಬಾಯಿ ಹೊಲಿಯುವವನು, ನಮಗಿಂತ ಬಹಳ ಹಿರಿಯ. ನಮಗಿಂತ ಮೊದಲೇ ಅಲ್ಲಿಗೆ ಬಂದು ಅಲ್ಲಿಯ ಮಾತು ಕಲಿತಿದ್ದ. ಮುಸಲ್ಮಾನನಾದ್ದರಿಂದ ಆ ಊರಲ್ಲಿ ಅವನಿಗೆ ಮಸೀದಿಯಿತ್ತು, ಮಂದಿಯಿದ್ದರು. ಆದರೂ ಕೆಲಸ ಮುಗಿದ ಮೇಲೆ ನಮ್ಮ ಒಲೆಯ ಹತ್ತಿರವೇ ಬಂದು ಕೂಡುತ್ತಿದ್ದ. "ಅಲ್ಲೆ ನಮಾಜ್ ಐತಿ, ಇಲ್ಲೆ ಮಾತೈತಿ" ಎನ್ನುತ್ತಿದ್ದ. ಮೂವರೂ ಕೂತು ಊರಿನ ಮಂದಿಯನ್ನು ಮನಸಾರೆ ಬೈಯುತ್ತಿದ್ದೆವು. ಅಷ್ಟು ಸುಖ ನನಗೆ ಊರಿನಲ್ಲಿಯೂ ಸಿಕ್ಕಿರಲಿಲ್ಲ.

ಒಂದು ದಿನ ಹಡಗಿಗೆ ಮಾಲು ಹಾಕಿ ಬರುವಾಗ ದಂಡೆಯ ಮೇಲೆ ಒಬ್ಬ ಗುಜರಾತಿ ವ್ಯಾಪಾರಿಯ ಹೆಣ ಸುಡುತ್ತಿತ್ತು. ನಾನು ಮುಂಬಯಿಯಲ್ಲಿ ಅದನ್ನು ಕಂಡಿದ್ದೆ. ಗೆಳೆಯ ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ. ಮಲಗಿಸುವುದೂ ಇಲ್ಲ. ಗುಣಿಯೊಳಗೆ ಗೂಡು ಕೊರೆದು, ಅದರಲ್ಲಿ ಕಾಲು ಮಡಚಿ ಕೂಡಿಸಿ, ಎಡಗೈಯಲ್ಲಿ ಅವರ ಲಿಂಗವನ್ನಿಟ್ಟು, ವಿಭೂತಿ ಪತ್ರಿ ಹಾಕಿ ಮಣ್ಣು ಕೊಡುತ್ತೇವೆ. ಪೂಜೆಗೆ ಕೂತವನು ಕೂತಂತೆಯೇ ಇರುತ್ತಾನೆ. ಅಂದು ಕಟ್ಟಿಗೆಯ ಮೇಲಿನ ಹೆಣದ ಕೈಯೊಂದು ಬಿಸಿಗೆ ಮೇಲೆದ್ದಿತು. ಗೆಳೆಯ ನನ್ನ ತೋಳು ಹಿಡಿದುಕೊಂಡ. ದಾರಿಯುದ್ದಕ್ಕೂ ಬಿಡಲಿಲ್ಲ. ರೊಟ್ಟಿ ತಿನ್ನುವಾಗ ನನ್ನ ಮುಖ, ಕಾಕಾನ ಮುಖ ನೋಡಿ ಹೇಳಿದ.

"ನಾ ಏನರ ಇಲ್ಲೆ ಸತ್ರ, ನನ್ನ ಸುಡಾಕ ಬಿಡಬ್ಯಾಡ್ರಿ. ಕುಂದ್ರಿಸಿ ಮಣ್ಣು ಕೊಡ್ರಿ."

"ನೀ ಯಾಕ ಸಾಯ್ತಿ ಬಿಡಲೇ, ನಿನ್ನ ರೊಟ್ಟಿ ತಿಂದ ನಾವ ಸಾಯ್ತೀವಿ" ಎಂದೆ ನಾನು.

ಅವನು ನಗಲಿಲ್ಲ. "ಹೂಂ ಅನ್ನು" ಎಂದ. ನಾನು ಹೂಂ ಎಂದೆ. ಕಾಕಾನ ಕಡೆ ತಿರುಗಿದ. ಕಾಕಾ ತನ್ನ ಗಡ್ಡದ ಮೇಲೆ ಕೈಯಿಟ್ಟು ಹೂಂ ಎಂದ.

ಮಳೆಗಾಲದಲ್ಲಿ ಅವನಿಗೆ ಚಳಿಜ್ವರ ಬಂತು. ಅಲ್ಲಿ ಅದು ಯಾರಿಗೆ ಬರುವುದಿಲ್ಲ? ನನಗೂ ಬಂದು ಹೋಗಿತ್ತು. ಗೋದಾಮಿನ ಗುಜರಾತಿ ಮ್ಯಾನೇಜರ ಕಳಿಸಿದ ಕಹಿ ಪುಡಿ ತಿನ್ನಿಸಿದೆವು, ಕಾಕಾ ತಾಯತ ಕಟ್ಟಿದ, ನಾನು ಹಣೆಗೆ ವಿಭೂತಿ ಹಚ್ಚಿದೆ. ಜ್ವರ ಇಳಿಯಿತು ಎನ್ನುವಷ್ಟರಲ್ಲಿ ಮತ್ತೆ ಏರಿತು. ಕಣ್ಣು ಅರಿಷಿಣದಂತಾದವು. ಒಂದು ಮುಂಜಾನೆ ನೀರು ಕುಡಿಸಲು ತಲೆ ಎತ್ತಿದೆ, ನೀರು ಬಾಯಿಂದ ಹೊರಗೆ ಬಂತು. ನಾನು ಇನ್ನೂ ಕುಡಿಸುತ್ತಲೇ ಇದ್ದೆ. ಕಾಕಾ ಬಂದು ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡ.

"ಸಾಕು ಬಿಡು ತಮ್ಮಾ. ಅವ ಹೋಗ್ಯಾನ."

ಅಳುವುದಕ್ಕೆ ಹೊತ್ತಿರಲಿಲ್ಲ. ಮೈ ಬಿಸಿಯಿರುವಾಗಲೇ ಕೂಡಿಸಬೇಕು, ಆಮೇಲೆ ಕಾಲು ಮಡಚುವುದಿಲ್ಲ. ಊರಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಕಾಕಾನಿಗೂ ಗೊತ್ತಿತ್ತು. "ಹುನಗುಂದದಾಗ ನಿಮ್ಮ ಮಂದಿ ಮಣ್ಣಿಗೆ ನಾ ಎಷ್ಟ ಸಲ ಹೋಗಿಲ್ಲ" ಎನ್ನುತ್ತ ಅವನೇ ಮಂಡಿ ಮಡಚಿದ. ಗೋದಾಮಿನ ಗೋಡೆಗೆ ಆನಿಸಿ, ಎರಡೂ ಬದಿಗೆ ಲವಂಗದ ಚೀಲ ಒತ್ತರಿಸಿ, ತಲೆ ವಾಲದಂತೆ ಹಣೆಗೆ ಧೋತರ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದೆವು. ನಾನು ಅವನ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟೆ, ಬೆರಳು ಮಡಚಿದೆ. ಮೈತುಂಬ ವಿಭೂತಿ ಬಳಿದೆ. ನೋಡಿದರೆ ಬೆಳಗಿನ ಪೂಜೆಗೆ ಕೂತವನಂತೆಯೇ ಕಾಣುತ್ತಿದ್ದ. ನಮಗೆ ಸಮಾಧಾನವಾಯಿತು. ಅರ್ಧ ಮಾತು ನಡೆಸಿದೆವು ಎಂದುಕೊಂಡೆವು. ಮಣ್ಣು ಎಲ್ಲಿ ಎಂದು ಇಬ್ಬರೂ ಯೋಚಿಸಿರಲಿಲ್ಲ. ಸತ್ತವರಿಗೆ ಮಣ್ಣು ಸಿಗದ ಊರೂ ಇರುತ್ತದೆಂದು ನಮ್ಮ ಕಡೆಯವರಿಗೆ ಹೇಗೆ ಹೊಳೆಯಬೇಕು?

ಅಷ್ಟರಲ್ಲಿ ಮ್ಯಾನೇಜರ ಬಂದ. ಒಳ್ಳೆಯ ಮನುಷ್ಯ. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ಏಕೆಂದರೆ ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬಾಗಿಲಲ್ಲಿ ಜೋಡು ಬಿಟ್ಟು, ಕೈಮುಗಿದು, ಕಣ್ಣೊರೆಸಿಕೊಂಡ. ಪರದೇಶದಲ್ಲಿ ಹಿಂದೂವನೊಬ್ಬ ಅನಾಥನಾಗಿ ಹೋಗಬಾರದು, ಗುಜರಾತಿ ಮಂದಿಯೆಲ್ಲ ಹೆಗಲು ಕೊಡುತ್ತಾರೆ, ಸೇಠಜಿಯ ಪರವಾಗಿ ತಾನೇ ಗಂಧದ ಕಟ್ಟಿಗೆ ತುಪ್ಪ ತರಿಸುತ್ತೇನೆ ಎಂದ. ನಾನು ನಮ್ಮ ಪದ್ಧತಿ ಹೇಳಿದೆ. ಅವನಿಗೆ ತಿಳಿಯಲಿಲ್ಲ. ಸನ್ಯಾಸಿಯೇನು ಎಂದು ಕೇಳಿದ. ಅಲ್ಲ ಎಂದೆ. ಎಳೆಯ ಕೂಸೇನು? ಮತ್ತೇಕೆ ಹೂಳಬೇಕು? ನಾನು ಮತ್ತೆ ಮೊದಲಿನಿಂದ ಹೇಳಿದೆ. ಅವನು ನನ್ನ ಬೆನ್ನ ಮೇಲೆ ಕೈಯಾಡಿಸಿ, ನಿನಗೆ ದುಃಖದಲ್ಲಿ ತಲೆ ಓಡುತ್ತಿಲ್ಲ, ನೀನು ಸುಮ್ಮನೆ ಕೂಡು, ಎಲ್ಲ ನಾನು ನೋಡಿಕೊಳ್ಳುತ್ತೇನೆ ಎಂದ. ಬಂದರಿನ ಡಾಕ್ಟರ ಸಾಹೇಬರ ಅಪ್ಪಣೆಯೂ ಆಗಿತ್ತು. ಜ್ವರದ ಹೆಣ, ಹೊತ್ತು ಮುಳುಗುವುದರೊಳಗೆ ಗೋದಾಮು ಖಾಲಿಯಾಗಬೇಕು.

ನಾನು ಹೆಣದ ಹತ್ತಿರ ಕೂತೆ, ಕಾಕಾ ಜಾಗ ಹುಡುಕಲು ಹೋದ. ಮೊದಲು ತನ್ನ ಮಸೀದಿಗೆ ಹೋಗಿ ಹಿರಿಯರ ಕಾಲು ಹಿಡಿದ. ಮೂಲೆಯಲ್ಲಿ ಒಂದಿಷ್ಟು ಜಾಗ ಕೊಡಿ ಎಂದ. ಅವರೂ ಒಳ್ಳೆಯವರೇ. ಹುಡುಗನಿಗಾಗಿ ಮರುಗಿದರು, ಆದರೆ ಬೇರೆ ಮತದವನನ್ನು ಅಲ್ಲಿ ಇಡುವಂತಿಲ್ಲ ಎಂದರು. ಅಲ್ಲಿಂದ ಪಾದ್ರಿಯ ಹತ್ತಿರ ಹೋದ. ಸಾಯುವ ಮೊದಲು ನೀರು ಹಾಕಿಸಿಕೊಂಡಿದ್ದನೇ ಎಂದು ಪಾದ್ರಿ ಕೇಳಿದ. ಅದು ಕಿರಿಸ್ತಾನರಾಗುವಾಗ ಹಾಕುವ ನೀರೆಂದು ಕಾಕಾನಿಗೆ ಅರ್ಥವಾಗದೆ, ದಿನಾ ಜಳಕ ಮಾಡುತ್ತಿದ್ದ ಎಂದು ಹೇಳಿ ಬಂದಿದ್ದ. ಬಂದವನು ಬಾಗಿಲ ಕಟ್ಟೆಯ ಮೇಲೆ ಕುಸಿದ.

"ಎಷ್ಟ ದೊಡ್ಡ ದ್ವೀಪ ತಮ್ಮಾ. ಒಬ್ಬ ಮನಿಷ್ಯಾ ಕುಂದ್ರಾಕ ಜಾಗಾ ಇಲ್ಲ."

"ಕೇಳೂದ ಬ್ಯಾಡ ಕಾಕಾ" ಎಂದೆ. "ದಂಡಿ ಮ್ಯಾಲೆ ಯಾರದೂ ಅಲ್ಲದ್ದ ನೆಲ ಐತಿ. ತೋಡೂಣು ನಡಿ."

ಹೆಣದ ಬಳಿ ಒಬ್ಬ ಹಮಾಲನನ್ನು ಕೂಡಿಸಿ, ಸಲಿಕೆ ಬುಟ್ಟಿ ತೆಗೆದುಕೊಂಡು ಊರಾಚೆ ತೆಂಗಿನ ಮರಗಳ ಕೆಳಗೆ ಹೋದೆವು. ಬಿಸಿಲು ನೆತ್ತಿಯ ಮೇಲಿತ್ತು. ಉಸುಕು ಬೇಗ ಬೇಗ ಬಂತು. ನನಗೆ ಹುರುಪು ಹೆಚ್ಚಿತು. ಮೊಣಕಾಲಿನ ಆಳಕ್ಕೆ ಹೋಗುವಷ್ಟರಲ್ಲಿ ತಳದಲ್ಲಿ ನೀರು ಜಿನುಗಿತು. ಬುಟ್ಟಿಯಿಂದ ಎತ್ತಿ ಚೆಲ್ಲಿದೆವು. ಎತ್ತಿದಷ್ಟೂ ಬಂತು, ಬದುವು ಕುಸಿಯಿತು. ಇನ್ನೂ ಮೇಲಕ್ಕೆ, ಮಣ್ಣಿನ ಕಡೆಗೆ ಸರಿದು ತೋಡಿದೆವು. ಅಲ್ಲಿ ಒಂದು ಗೇಣಿನ ಕೆಳಗೆ ಬಿಳಿ ಕಲ್ಲು, ಸಲಿಕೆಯ ಬಾಯಿ ಮುರಿಯಿತು. ನಮ್ಮ ಕಡೆ ಕೂತ ಮನುಷ್ಯನಿಗೆ ಗುಣಿ ತೋಡಿದರೆ ತೋಡುವವನ ತಲೆ ಮೇಲಿನವರಿಗೆ ಕಾಣುವುದಿಲ್ಲ, ಅಷ್ಟು ಆಳ. ಇಲ್ಲಿ ನಾನು ಮತ್ತೆ ಮೊದಲಿನ ತಗ್ಗಿಗೇ ಇಳಿದು, ಉಪ್ಪು ನೀರಿನಲ್ಲಿ ಮಂಡಿಯೂರಿ ಕೂತು, ಕೈಯಿಂದ ಉಸುಕು ಬಾಚುತ್ತ, ಯಾರು ಯಾರನ್ನೋ ಬೈಯುತ್ತಿದ್ದೆ. ಸಮುದ್ರವನ್ನು ಬೈದೆ, ಸೇಠಜಿಯನ್ನು ಬೈದೆ, ನನ್ನ ಅಕ್ಷರವನ್ನು ಬೈದೆ. ಕಾಕಾ ನನ್ನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ.

"ನೀರಾಗ ಇಟ್ರ ನಾಳಿಗೆ ನಾಯಿಪಾಲ ಆಗ್ತಾನ. ನಡಿ."

ಗೋದಾಮಿಗೆ ಬಂದರೆ ಗುಜರಾತಿ ಮಂದಿ ನೆರೆದಿದ್ದರು. ಬಿದಿರಿನ ಚಟ್ಟ, ಹೊಸ ಬಿಳಿ ಬಟ್ಟೆ, ಹೂವು ಎಲ್ಲ ತಂದಿದ್ದರು. ತಂದ ಚಟ್ಟ ಮಲಗುವವನದು. ನಮ್ಮವನು ಕೂತಿದ್ದ. ಮುಂಜಾನೆಯಿಂದ ಕೂತು ಕೂತು ಕಲ್ಲಾಗಿದ್ದ. ಅವರು ಹಣೆಯ ಧೋತರ ಬಿಚ್ಚಿದರು, ತಲೆ ಅಲುಗಲಿಲ್ಲ. ಎತ್ತಿ ಚಟ್ಟದ ಮೇಲಿಟ್ಟರೆ ಅಂಗಾತ ಬಿದ್ದು ಮಂಡಿ ಮೇಲಾಗಿ ನಿಂತವು. ಯಾರೋ ಒಬ್ಬರು, ಹೀಗೇಕೆ ಮಾಡಿದಿರಿ ಎಂದು ಬೇಸರದಿಂದ ಕೇಳಿದರು. ನಾನು ಬೇಡ ಬೇಡ ಎಂದು ಅಡ್ಡ ಹೋದೆ. ಮ್ಯಾನೇಜರ ನನ್ನನ್ನು ತಬ್ಬಿ ಹಿಡಿದುಕೊಂಡ. ಸಿಟ್ಟಿನಿಂದಲ್ಲ, ಮಗನನ್ನು ಹಿಡಿದುಕೊಂಡಂತೆ. ಇಬ್ಬರು ಹೆಣದ ತೊಡೆಯ ಮೇಲೆ ಕೂತು ಮಂಡಿಯನ್ನು ಒತ್ತಿದರು. ಅದು ಮಾಡಿದ ಸದ್ದನ್ನು ನಾನು ಬರೆಯಲಾರೆ. ಕಾಕಾ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ನಾವೇ ಕೂಡಿಸದೆ ಇದ್ದಿದ್ದರೆ ಅವನಿಗೆ ಅದೊಂದಾದರೂ ತಪ್ಪುತ್ತಿತ್ತಲ್ಲ ಎಂದು ಆಮೇಲೆ ಕಾಕಾನೂ ನಾನೂ ಎಷ್ಟೋ ಸಲ ಹಲುಬಿದೆವು.

ಕೈಯಲ್ಲಿದ್ದ ಲಿಂಗ ಕೆಳಗೆ ಬಿತ್ತು. ಕಾಕಾ ಅದನ್ನು ಮುಟ್ಟದೆ ನನ್ನನ್ನು ಕರೆದು ತೋರಿಸಿ, "ಇದನ್ನ ಬೆಂಕಿಗೆ ಕೊಡಬ್ಯಾಡ. ಅವರವ್ವಗ ಮುಟ್ಟಸು" ಎಂದ. ನಾನು ಅದನ್ನು ಕರಡಿಗೆಗೆ ಹಾಕಿ ನನ್ನ ಲಿಂಗದ ಪಕ್ಕದಲ್ಲೇ ಕಟ್ಟಿಕೊಂಡೆ.

ಗಂಧದ ಕಟ್ಟಿಗೆ ಖರೆ ಖರೆ ತರಿಸಿದ್ದರು. ತುಪ್ಪವೂ ಊರಿಂದ ಬಂದ ಒಳ್ಳೆ ತುಪ್ಪ. ಅವನ ಹಳ್ಳಿಯಲ್ಲಿ ಯಾವ ಗೌಡನಿಗೂ ಅಷ್ಟು ಖರ್ಚು ಮಾಡಿ ಮಣ್ಣು ಕೊಟ್ಟಿರಲಿಕ್ಕಿಲ್ಲ. ಬೆಂಕಿ ಹಚ್ಚಲು ನನ್ನನ್ನು ಕರೆದರು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ಮ್ಯಾನೇಜರನೇ ಹಚ್ಚಿದ. ಕಾಕಾ ದೂರದಲ್ಲಿ ಮಂಡಿಯೂರಿ ಕೂತು, ಕೈ ಎತ್ತಿ, ತನ್ನ ದೇವರಿಗೆ ಏನೋ ಹೇಳುತ್ತಿದ್ದ.  ಬೆಂಕಿಗೆ ಹೋಗುವವನಿಗೆ ಹೇಳುವ ಮಾತು ನಮ್ಮಲ್ಲಿ ಇಲ್ಲ.

ಮರುದಿನ ಅವರು ಬೂದಿಯನ್ನು ಸಮುದ್ರಕ್ಕೆ ಬಿಡಹೊರಟಾಗ ಮಾತ್ರ ನಾನು ಒದರಾಡಿದೆ. ಅದನ್ನಾದರೂ ಕೊಡಿ ಎಂದೆ. ಕೊಟ್ಟರು. ಕಾಕಾ ಒಂದು ಸಣ್ಣ ಕಟ್ಟಿಗೆಯ ಪೆಟ್ಟಿಗೆ ತಂದು, ಒಳಗೆ ಅರಿವೆ ಹಾಸಿ, ಬೂದಿಯನ್ನು ತುಂಬಿ, ಮುಚ್ಚಳದ ಸುತ್ತ ಗೋಣಿ ಹಾಕಿ ಹೊಲಿದ. ಹೊಲಿಗೆ ಎಂದಿನಂತೆ ಬಿಗಿಯಾಗಿತ್ತು. ಆಮೇಲೆ ಬಣ್ಣದ ಡಬ್ಬಿ ಕುಂಚ ತಂದು ನನ್ನ ಮುಂದಿಟ್ಟ. ಮಾಲಿನ ಮೇಲೆ ಗುರುತು ಬೇಕಲ್ಲ. ಕುಂಚ ಅದ್ದಿ ಕೂತೆ. ಮೂರು ಭಾಷೆ ಬರೆಯಬಲ್ಲ ಕಾರಕೂನ, ಒಂದಕ್ಷರ ಮೂಡಲಿಲ್ಲ.

"ಏನಂತ ಬರೀಲಿ ಕಾಕಾ?"

"ಬರೀಬ್ಯಾಡ. ಮಾಲಿನ ಕೂಡ ಹಾಕಬ್ಯಾಡ. ತೊಡಿಮ್ಯಾಲೆ ಇಟಗೊಂಡ ಒಯ್ಯಿ."

ಹಾಗೆಯೇ ಒಯ್ದೆ. ಸೇಠಜಿಯ ಕೆಲಸಕ್ಕೆ ಶರಣು ಹೊಡೆದು, ಮುಂದಿನ ಹಡಗಿಗೆ ಹೊರಟೆ. ಕಾಕಾ ಬರಲಿಲ್ಲ. ಗೆಳೆಯನ ಅವ್ವನ ಮುಂದೆ ನಿಲ್ಲುವ ಮುಖ ತನಗಿಲ್ಲ ಎಂದ. ನನಗೆ ಇತ್ತೇನು? ಹಡಗಿನಲ್ಲಿ, ರೈಲಿನಲ್ಲಿ ಉದ್ದಕ್ಕೂ ಅದೇ ಯೋಚನೆ. ಅವಳು ಬೈಯಬಹುದು, ಹೊಡೆಯಬಹುದು, ಹೊಡೆದರೆ ಹೊಡೆಸಿಕೊಳ್ಳಬೇಕು. ಬಾದಾಮಿ ಸ್ಟೇಶನ್ನಿನಲ್ಲಿ ಇಳಿದು, ಕೆಂಪು ಗುಡ್ಡದ ಬದಿಯ ಹಾದಿಯಲ್ಲಿ ಪೆಟ್ಟಿಗೆ ಅವಚಿಕೊಂಡು ನಡೆದೆ. ಎಲ್ಲಿ ನೋಡಿದರೂ ಮಣ್ಣು. ಹೊಲ ಹೊಲವೇ ಮಣ್ಣು. ನೋಡಿ ನೋಡಿ ನನಗೆ ಹೊಟ್ಟೆ ಉರಿಯಿತು.

ಅವನ ಅವ್ವ ಅಂಗಳದಲ್ಲಿ ಕಾಳು ಹಸನು ಮಾಡುತ್ತ ಕೂತಿದ್ದಳು. ಸತ್ತ ಸುದ್ದಿ ಸೇಠಜಿಯ ಕಡೆಯಿಂದ ಮೊದಲೇ ಮುಟ್ಟಿತ್ತು. ಸುಟ್ಟ ಸುದ್ದಿ ಮುಟ್ಟಿರಲಿಲ್ಲ. ನಾನು ಕೂಡದೆ, ನಿಂತುಕೊಂಡೇ, ಕೂಡಿಸಿದ್ದು, ತೋಡಿದ್ದು, ನೀರು ಬಂದದ್ದು ಎಲ್ಲ ಹೇಳಿದೆ. ಮಂಡಿಯ ಮಾತು ಮಾತ್ರ ಬಿಟ್ಟೆ. ಅವಳು ಬೈಯಲಿಲ್ಲ. ಮೊರ ಬದಿಗಿಟ್ಟು ಕೇಳಿದಳು.

"ಭಾಳ ಹೊತ್ತು ಉರಿತೇನ ಯಪ್ಪಾ?"

"ಇಲ್ಲ ಯವ್ವಾ. ಲಗೂನ ಆತು."

"ಅವಗ ಸಣ್ಣಾವಿದ್ದಾಗ ಒಲಿ ಮುಂದ ಬಾ ಅಂದ್ರೂ ಬರ್ತಿದ್ದಿಲ್ಲ" ಎಂದಳು. ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಅಲ್ಲೇ ನೆಲಕ್ಕೆ ಕೂತು ಸಣ್ಣ ಹುಡುಗನಂತೆ ಅತ್ತುಬಿಟ್ಟೆ.

ಊರಿನ ಹಿರಿಯರಿಗೆ ಪೇಚಾಟಕ್ಕಿಟ್ಟುಕೊಂಡಿತು. ಬೂದಿಯನ್ನು ಏನು ಮಾಡುವುದೆಂದು ಯಾರಿಗೂ ಗೊತ್ತಿರಲಿಲ್ಲ. ಹೊಳೆಗೆ ಬಿಡಿ ಎಂದರು ಒಬ್ಬರು, ಅದು ನಮ್ಮದಲ್ಲ ಎಂದರು ಇನ್ನೊಬ್ಬರು. ದಿನಾ ಹಣೆಗೆ ಬೂದಿ ಬಳಿದುಕೊಳ್ಳುವ ಮಂದಿ ಒಂದು ಪೆಟ್ಟಿಗೆ ಬೂದಿಯ ಮುಂದೆ ವಾದಿಸುತ್ತ ಕೂತರು. ಕೊನೆಗೆ ಮಠದ ಅಯ್ಯನವರು, "ಅವ ಕೇಳಿದ್ದು ಮಣ್ಣಲ್ಲೇನು, ಮಣ್ಣು ಕೊಡೂಣು" ಎಂದರು. ಅವನ ಅಪ್ಪನ ಸಮಾಧಿಯ ಪಕ್ಕದಲ್ಲಿ, ಅವರ ಹೊಲದಲ್ಲಿ, ನಿಂತವನ ತಲೆ ಮುಳುಗುವಷ್ಟು ಆಳದ ಗುಣಿ ತೋಡಿದರು. ಒಂದು ಹನಿ ನೀರು ಬರಲಿಲ್ಲ. ಗೂಡನ್ನೂ ಕೊರೆದರು, ಒಬ್ಬ ಮನುಷ್ಯ ಕೂಡುವಷ್ಟು ದೊಡ್ಡದನ್ನು. ನಾನು ಗುಣಿಯಲ್ಲಿಳಿದು ಪೆಟ್ಟಿಗೆಯನ್ನು ಆ ಗೂಡಿನಲ್ಲಿಟ್ಟೆ. ಎಷ್ಟು ಸಣ್ಣದಾಗಿ ಕಂಡಿತೆಂದರೆ, ಮೇಲೆ ನಿಂತ ಹೆಂಗಸರು ಒಮ್ಮೆಲೆ ಅಳತೊಡಗಿದರು. ಅಯ್ಯನವರು ಗೋಣಿ ಬಿಚ್ಚಿ ಮುಚ್ಚಳ ತೆಗೆಯಲು ಹೇಳಿದರು, ತೆಗೆದೆ. ವಿಭೂತಿ ಕೊಟ್ಟರು, ಹಾಕಿದೆ. ಬೂದಿಯ ಮೇಲೆ ಅದು ಕಾಣಲೇ ಇಲ್ಲ. ಪತ್ರಿ ಹಾಕಿದೆ.

ಇನ್ನು ಲಿಂಗ. ನಾನು ಬಂದ ದಿನವೇ ಅದನ್ನು ಅವಳ ಕೈಗೆ ಕೊಟ್ಟಿದ್ದೆ. ಅವಳು ಯಾರಿಗೂ ಕೊಡದೆ, ಇಬ್ಬರನ್ನು ಹಿಡಿದುಕೊಂಡು ತಾನೇ ಗುಣಿಯೊಳಗೆ ಇಳಿದಳು. ಗೂಡಿನ ಮುಂದೆ ಕೂತು ಪೆಟ್ಟಿಗೆಯೊಳಗೆ ಬಹಳ ಹೊತ್ತು ನೋಡಿದಳು. ಮೇಲೆ ಅಯ್ಯನವರು ಮಂತ್ರ ಹೇಳುತ್ತಿದ್ದರು. ಅವಳು ಲಿಂಗ ಹಿಡಿದ ಕೈ ಚಾಚಿದಳು, ಹಿಂದೆಗೆದಳು, ಮತ್ತೆ ಚಾಚಿದಳು. ಆಮೇಲೆ ಅಯ್ಯನವರನ್ನು ಕೇಳದೆ ನನ್ನ ಕಡೆ ತಿರುಗಿದಳು.

"ಯಪ್ಪಾ, ಅವನ ಕೂಡ ಇದ್ದಾವ ನೀನ. ಇದರಾಗ ಎಡಗೈ ಯಾವ ಕಡೆ ಐತಿ, ತೋರ್ಸು."

ನಾನು ಬಗ್ಗಿ ಪೆಟ್ಟಿಗೆಯೊಳಗೆ ಹುಡುಕಿದೆ.